ಹೆಪ್ಪಿನ ಉಣ್ಣಿ

ನಮ್ಮ ಊರಿನಲ್ಲಿ ಯಾರಿಗೂ ತಮ್ಮ ಮನೆಯನ್ನು ತಾವೇ ಹುಡುಕಿಕೊಳ್ಳಲು ಬರುವುದಿಲ್ಲ. ನಾಯಿ ಕರೆದುಕೊಂಡು ಹೋಗಬೇಕು. ಮನೆಯಿಂದ ಹೊರಬಿದ್ದವನಿಗೆ ಪೇಟೆ ಸಿಕ್ಕೇ ಸಿಗುತ್ತದೆ. ಕಣ್ಣು ಕಟ್ಟಿ ಬಿಟ್ಟರೂ ಎಲ್ಲ ಓಣಿಗಳೂ ಅಲ್ಲಿಗೇ ಬಂದು ಸೇರುತ್ತವೆ. ತಿರುಗಿ ಹೋಗುವುದೇ ಆಗದ ಕೆಲಸ. ನಾಯಿಯಿಲ್ಲದೆ ಹೊರಟರೆ ಅದೇ ಓಣಿ, ಅದೇ ಚರಂಡಿ, ಅದೇ ನೀರಿನ ಟಾಕಿ ಎಲ್ಲವೂ ಸಿಗುತ್ತವೆ, ನಿಮ್ಮ ಬಾಗಿಲೊಂದು ಸಿಗುವುದಿಲ್ಲ. ಪಕ್ಕದ ಮನೆಯವರ ನಾಯಿಯ ಬೆನ್ನು ಹತ್ತಿದರೆ ಪಕ್ಕದ ಮನೆ ಸಿಗುತ್ತದೆ. ಅವರ ಗೋಡೆಗೆ ಅಂಟಿಕೊಂಡ ಗೋಡೆ ನಿಮ್ಮದೇ ಎಂದು ಗೊತ್ತಿದ್ದು, ಅದನ್ನು ಅಂಗೈಯಿಂದ ಸವರುತ್ತ ಹೋದರೆ ಗೋಡೆ ಮುಗಿಯುವುದು ಮತ್ತೆ ಪೇಟೆಯಲ್ಲಿ.

ಇದಕ್ಕೆ ನಾವು ಒಗ್ಗಿಕೊಂಡಿದ್ದೇವೆ. ಪೇಟೆಯಲ್ಲಿ ಪ್ರತಿ ಅಂಗಡಿಯ ಮುಂದೆಯೂ ನಾಯಿಗೆಂದು ಒಂದು ಗೋಣಿಚೀಲ ಹಾಸಿರುತ್ತದೆ. ನೆಂಟರ ಮನೆಗೆ ಹೋಗಬೇಕಾದರೆ ನೆಂಟರೇ ನಾಯಿಯೊಂದಿಗೆ ಪೇಟೆಗೆ ಬಂದು ಕರೆದೊಯ್ಯಬೇಕು. ಹೆಣ್ಣು ಕೊಡುವವರು ಹುಡುಗನ ಮುಖ ನೋಡುವ ಮೊದಲು ಅವನ ನಾಯಿಯ ಹಲ್ಲು ನೋಡುತ್ತಾರೆ. ಒಂದು ಮನೆಗೆ ಒಂದೇ ನಾಯಿ. ಎಣ್ಣೆ ಅಂಗಡಿಯ ಕಲ್ಲಪ್ಪ ಹಿಂದೊಮ್ಮೆ ಜಾಣತನ ಮಾಡಿ ಎರಡು ಸಾಕಿದ. ಅವು ಅವನನ್ನು ಎರಡು ಮನೆಗಳಿಗೆ ಒಯ್ದವು. ಆ ಇನ್ನೊಂದು ಮನೆಯಲ್ಲಿ ಯಾರಿದ್ದರು ಎಂದು ಎಷ್ಟು ಕೇಳಿದರೂ ಅವನು ಬಾಯಿ ಬಿಡಲಿಲ್ಲ. ಮರುದಿನವೇ ಆ ನಾಯಿಯನ್ನು ಒಬ್ಬ ಲಾರಿಯವನಿಗೆ ಕೊಟ್ಟು ಕೈತೊಳೆದುಕೊಂಡ.

ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರುವವರು ಊಟದ ತಾಟನ್ನು ಸೌಟಿನಿಂದ ಬಡಿಯುತ್ತಾರೆ. ನಾಯಿಯನ್ನು ಊಟಕ್ಕೆ ಕರೆಯುವ ಸದ್ದು ಅದು. ಮುಚ್ಚಿದ ಬಾಗಿಲಿನ ಒಳಗಿನ ಸದ್ದು ಹೊರಗೆ ಬರುತ್ತದೆ, ಹೊರಗಿನದು ಮಾತ್ರ ಒಳಗೆ ಹೋಗುವುದಿಲ್ಲ, ನಾಯಿ ಬಾಗಿಲು ಕೆರೆಯುವುದೊಂದನ್ನು ಬಿಟ್ಟು. ಪೇಟೆಯಲ್ಲಿ ನಿಂತು ತಮ್ಮ ಮನೆಯ ತಾಟು ಯಾವುದೆಂದು ಯಾರಾದರೂ ಹೇಳಬಲ್ಲರು. ಆ ಸದ್ದು ಹಿಡಿದು ಹೋಗಿ ಮನೆ ಮುಟ್ಟಿದವರು ಮಾತ್ರ ಯಾರೂ ಇಲ್ಲ. ನಾಯಿ ಸತ್ತವರು ಪೇಟೆಯ ನಡುವಿನ ಬೇವಿನ ಕಟ್ಟೆಯ ಮೇಲೆ ಕೂತುಬಿಡುತ್ತಾರೆ. "ಕಟ್ಟೆಗೆ ಬಿದ್ದ" ಎಂದು ಹೇಳುವಾಗ ನಮ್ಮಲ್ಲಿ ದನಿ ತಗ್ಗಿಸುತ್ತಾರೆ.

ನಾನು ಚಂಬಣ್ಣ, ಪೇಟೆಯಲ್ಲಿ ಹೊಲಿಗೆ ಅಂಗಡಿ. ಮನೆ ಮೇಲಿನ ಓಣಿಯಲ್ಲಿ. ಮನೆಯಲ್ಲಿ ನನ್ನ ಹೆಂಡತಿ ಸಾವಂತ್ರಿ, ಇನ್ನೂ ಆರು ತುಂಬದ ಮಗಳು ಮುತ್ತು. ನಮ್ಮ ನಾಯಿಯ ಹೆಸರು ಹುರುಳಿ, ಮೈಬಣ್ಣವೂ ಹುರುಳಿಯದೇ. ನಾನು ಹೊಲಿಯುವಾಗ ಅದು ಮಿಷನ್ನಿನ ಕೆಳಗೆ ನನ್ನ ಪಾದಕ್ಕೆ ಬೆನ್ನು ಕೊಟ್ಟು ಮಲಗುತ್ತಿತ್ತು. ಮನೆ ಬಾಗಿಲಲ್ಲಿ ಮೂರು ಸಲ ಕೆರೆದು, ಒಮ್ಮೆ ಕುಂಯ್ ಎಂದು, ಆಮೇಲೆ ಕೂರುತ್ತಿತ್ತು. ಅದು ಕೆರೆದ ಹೊರತು ಅಗುಳಿ ತೆಗೆಯಬಾರದೆಂದು ಮುತ್ತುವಿಗೆ ನಡೆಯಲು ಬರುವ ಮೊದಲೇ ಕಲಿಸಿದ್ದೆವು.

ನಮ್ಮ ಊರಿನ ನಾಯಿಗಳ ನಾಲಿಗೆ ನೇರಳೆ ಹಣ್ಣಿನ ಬಣ್ಣ. ಮೊದಲು ಹಾಗಿರಲಿಲ್ಲವಂತೆ. ಉಣ್ಣಿ ಎಲ್ಲ ಊರಲ್ಲೂ ಇರುತ್ತದೆ, ನಾಯಿಯ ಕಿವಿಯಲ್ಲಿ ಕೂತು ರಕ್ತ ಹೀರಿ ಹರಳಿನ ಹಾಗೆ ಉಬ್ಬುವ ಹುಳ. ಅದು ಕಚ್ಚುವಾಗ ನಾಯಿಯ ರಕ್ತಕ್ಕೆ ಒಂದು ಕ್ರಿಮಿಯನ್ನು ಬಿಡುತ್ತದೆ. ಆ ಕ್ರಿಮಿಯ ಜ್ವರಕ್ಕೆ ಹಿಂದೆ ನಾಯಿಗಳು ಸಾಲುಸಾಲಾಗಿ ಸತ್ತು, ಕಟ್ಟೆಯ ಮೇಲೆ ಕೂರಲು ಜಾಗವಿಲ್ಲದಂತಾಗಿತ್ತು. ಆಗ ಗುಡ್ಡದ ಮೇಲೆ ಪ್ರಯೋಗಾಲಯ ಬಂತು. ಅಲ್ಲಿನವರು ಜ್ವರವನ್ನು ಕೊಲ್ಲಲಿಲ್ಲ, ಪಳಗಿಸಿದರು. ಅಲ್ಲಿಯ ಮಂದಾಕಿನಿ ಮೇಡಂ ಅವರ ಬಿಳಿ ಕೋಟು ಹೊಲಿಯುವವನು ನಾನೇ. ಅಳತೆ ಕೊಡಲು ಬಂದಾಗ ಒಮ್ಮೆ ನನಗೆ ಒಂದು ಚಿತ್ರ ತೋರಿಸಿದ್ದರು: ನಾಯಿಯ ರಕ್ತದ ಒಂದು ಕೆಂಪು ಕಣ, ಅದರೊಳಗೆ ಎರಡು ಹನಿಗಳು ಚೂಪು ತುದಿಗಳನ್ನು ಕೂಡಿಸಿಕೊಂಡು ಕೂತಿವೆ, ಗುಟ್ಟು ಮಾತಾಡುವವರ ಹಾಗೆ.

"ಇದರ ಜೀನಲ್ಲಿ ಹಸಿವಿನ ತುಂಡು ಅಂತ ಒಂದಿತ್ತು, ಚಂಬಣ್ಣ. ಅದನ್ನ ಕತ್ತರಿಸಿ ತೆಗೆದಿದೀವಿ. ಆ ಜಾಗಕ್ಕೆ ಬಣ್ಣದ ತುಂಡು ಹಾಕಿದೀವಿ, ಗುರುತಿಗೆ."

"ಅಂದ್ರ ತೇಪಿ ಹಚ್ಚೀರಿ" ಅಂದೆ.

"ತೇಪೆನೇ" ಎಂದು ಅವರು ನಕ್ಕರು. "ಹೊಲಿಗೆ ಬಿಡದಿದ್ದರೆ ಸಾಕು."

ಪಳಗಿದ ಕ್ರಿಮಿ ಮೈಯಲ್ಲಿದ್ದ ನಾಯಿಗೆ ಕಾಡು ಜ್ವರ ತಟ್ಟುವುದಿಲ್ಲ. ಅದು ಮೈಯಲ್ಲಿದೆ ಎನ್ನುವುದಕ್ಕೆ ನೇರಳೆ ನಾಲಿಗೆಯೇ ಸಾಕ್ಷಿ. ಆದರೆ ವರ್ಷಕ್ಕೊಮ್ಮೆ ಅದರ ಕಾವು ಇಳಿಯುತ್ತದೆ, ಉಗಾದಿ ಕಳೆದ ಮೇಲೆ ಹೊಸದು ಮಾಡಬೇಕು. ಮೊಸರಿಗೆ ಹೆಪ್ಪು ತಂದ ಹಾಗೆಯೇ. ಬೇರೆಯವರ ನಾಯಿಯ ಕಿವಿಯಿಂದ ಜೀವಂತ ಉಣ್ಣಿಯೊಂದನ್ನು ಎಲೆಯಲ್ಲಿ ಮಡಿಸಿ ತಂದು, ನಮ್ಮ ನಾಯಿಯನ್ನು ನಮ್ಮ ಹೊಸ್ತಿಲ ಮೇಲೆ ಮಲಗಿಸಿ ಕಿವಿಗೆ ಹಚ್ಚುತ್ತೇವೆ. ನಾಯಿ ಒಂದೆರಡು ದಿನ ಜ್ವರದಿಂದ ಹೊಸ್ತಿಲ ಮೇಲೆಯೇ ಬಿದ್ದಿದ್ದು, ಏಳುವಾಗ ಆ ಮನೆಯನ್ನು ರಕ್ತದಲ್ಲಿ ತುಂಬಿಕೊಂಡು ಏಳುತ್ತದೆ. ಹೊಸ್ತಿಲ ಮೇಲೆಯೇ ಹಚ್ಚಬೇಕು. ಬೇರೆ ಕಡೆ ಹಚ್ಚಿದರೆ ನಾಯಿ ಹೆಪ್ಪು ಕೊಟ್ಟವರ ಮನೆಗೆ ಹೋಗಿ ಬಾಗಿಲು ಕೆರೆಯುತ್ತದೆ. ಕುಡಿದ ಅಮಲಿನಲ್ಲಿ ಪೇಟೆಯಲ್ಲೇ ಹೆಪ್ಪು ಹಚ್ಚಿದ ಒಬ್ಬಾತ ಇಂದಿಗೂ ಷಡ್ಡಕನ ಮನೆಯಲ್ಲಿದ್ದಾನೆ.

ಒಂದೇ ಕಡೆಯಿಂದ ಹೆಪ್ಪು ತರಬೇಡಿ, ಮೇಲಿನ ಓಣಿಯವರು ಕೆಳಗಿನ ಓಣಿಯಿಂದ ತನ್ನಿ, ಅವರು ನಿಮ್ಮಿಂದ ಒಯ್ಯಲಿ ಎಂದು ಪ್ರಯೋಗಾಲಯದವರು ಮೊದಲ ದಿನವೇ ಹೇಳಿದ್ದರು. ನಮ್ಮ ಓಣಿಯ ಹಿರಿಯ ನನ್ನ ಅಪ್ಪ, ಗುರಪ್ಪಜ್ಜ. ಅಪ್ಪ ಅವರ ಮಾತನ್ನೆಲ್ಲ ತಲೆದೂಗಿ ಕೇಳಿ, ಅವರು ಗುಡ್ಡ ಹತ್ತಿದ ಮೇಲೆ ಹೇಳಿದ: "ಮಸರಿನ ಹೆಪ್ಪು ಯಾರ ಮನಿಯಿಂದ ತರ್ತೀವೋ ಉಣ್ಣಿ ಹೆಪ್ಪೂ ಅವರ ಮನಿಯಿಂದನ. ಇದರಾಗ ಹೊಸಾದೇನೈತಿ?" ಕೆಳಗಿನ ಓಣಿಯಿಂದ ನಾವು ಮೊಸರು ತಂದವರಲ್ಲ, ನೀರು ತಂದವರೂ ಅಲ್ಲ. ಹೀಗಾಗಿ ನಮ್ಮ ಹೆಪ್ಪು ನಮ್ಮ ಬೀಗರು ಬಿಜ್ಜರ ನಾಯಿಗಳಲ್ಲೇ ಸುತ್ತಿ ಸುತ್ತಿ ಬಂತು. ನಾಲಿಗೆಗಳು ನೇರಳೆಯಾಗಿಯೇ ಇದ್ದವು. ಮತ್ತೇನು ಬೇಕು?

ಈ ವರ್ಷ ಉಗಾದಿಯ ಹೆಪ್ಪಾದ ಕೂಡಲೇ ಹೆಡ್ ಮಾಸ್ತರರ ನಾಯಿ ಹೊಸ್ತಿಲ ಮೇಲಿಂದ ಏಳಲಿಲ್ಲ. ಉಚ್ಚೆ ಚಹಾದ ಡಿಕಾಕ್ಷನ್ನಿನಂತೆ ಕಪ್ಪಗೆ ಹೋಯಿತು, ಒಸಡು ಸುಣ್ಣದಂತೆ ಬಿಳುಚಿತು, ನಾಲಿಗೆ ಮಾತ್ರ ನೇರಳೆಯೇ. ಮಾಸ್ತರರು ಮನೆಮಂದಿಯನ್ನೆಲ್ಲ ಕರೆದುಕೊಂಡು, ಒಂದು ಟ್ರಂಕು ಹೊತ್ತು ಹೊರಗೆ ಬಂದರು. ಬಾಗಿಲಿಂದ ನಾಲ್ಕು ಹೆಜ್ಜೆ ನಡೆದು ತಿರುಗಿ ನೋಡಿದರೆ ಮನೆಯಿರಲಿಲ್ಲ. ಆಮೇಲೆ ಬಳೆಗಾರರ ನಾಯಿ, ಆಮೇಲೆ ನಮ್ಮ ಚಿಕ್ಕಪ್ಪನದು. ನಮ್ಮ ಓಣಿಯವರು ಕಟ್ಟೆ ತುಂಬತೊಡಗಿದರು. ಕೆಳಗಿನ ಓಣಿಯವರು ಮಾಟ ಮಾಡಿಸಿದ್ದಾರೆ ಎಂದೂ ಕೆಲವರು ಅಂದರು. ಯಾಕೆಂದರೆ ಅವರ ಒಂದು ನಾಯಿಯೂ ಸತ್ತಿರಲಿಲ್ಲ.

ಮೇಡಂ ಗುಡ್ಡ ಇಳಿದು ಬಂದು ರಕ್ತ ತೆಗೆದುಕೊಂಡು ಹೋದರು. ಮತ್ತೆ ಬಂದಾಗ ಎರಡೂ ಓಣಿಯವರನ್ನು ಬೇವಿನ ಕೆಳಗೆ ಕೂಡಿಸಿದರು. "ನಾವು ಕತ್ತರಿಸಿದ್ದು ಹಸಿವನ್ನ. ನೀವು ಒಂದೇ ಬಳಗದ ನಾಯಿಗಳಲ್ಲಿ ಆ ಕ್ರಿಮಿನ ಇಷ್ಟು ವರ್ಷ ತಿರುಗಿಸಿದ್ರಿ. ಅದು ಬೇರೆ ದಾರಿಯಿಂದ ಹಸಿಯೋದನ್ನ ಕಲಿತುಬಿಟ್ಟಿದೆ. ಮೇಲಿನ ಓಣಿಯ ಉಣ್ಣಿಗಳಲ್ಲಿ ಈಗಿರೋದು ಪಳಗಿದ್ದಲ್ಲ, ಬಣ್ಣ ಬಳಿದುಕೊಂಡ ಕಾಡು ಜ್ವರ. ಇನ್ನೂ ಹೆಪ್ಪು ಹಾಕದ ನಾಯಿಗಳಿಗೆ ಈ ವಾರವೇ ಕೆಳಗಿನ ಓಣಿಯ ಉಣ್ಣಿ ಹಚ್ಚಿ. ಅದಿಲ್ಲದ ನಾಯಿ ಈ ಜ್ವರ ಬಂದರೆ ಏಳಲ್ಲ."

ಕೆಳಗಿನ ಓಣಿಯ ಗುಂಪಿನಿಂದ ದುರುಗವ್ವ ಎದ್ದು ನಿಂತಳು. ಕಸಬರಿಗೆ ಮಾರುವವಳು; ಅವಳ ಗಂಡ ಮಾರೆಪ್ಪನಿಗೆ ಒಂದು ಕಾಲಿಲ್ಲ, ಅವನು ಮನೆಯಲ್ಲಿ ಕೂತು ಕಟ್ಟುತ್ತಾನೆ, ಇವಳು ಪೇಟೆಯಲ್ಲಿ ಮಾರುತ್ತಾಳೆ. ಅವಳ ಕರಿನಾಯಿಯ ಹೆಸರು ದೇಸಾಯಿ. ಬೇಕೆಂದೇ ಇಟ್ಟ ಹೆಸರು. ನಮ್ಮ ಹಿರಿಯರು ಹಾದುಹೋಗುವಾಗೆಲ್ಲ, "ಏ ದೇಸಾಯಿ, ಬಾಲ ಮುದುಡಿಕೊಂಡು ಕೂಡ್ರ!" ಎಂದು ಅವಳು ಗದರುವುದು ಪೇಟೆಗೆಲ್ಲ ಕೇಳುತ್ತದೆ.

"ಅಲ್ರಿ ಮೇಡಮ್ಮಾರ, ಅವರ ಉಣ್ಣಿ ನಮ್ಮ ನಾಯಿಗಿ ಹತ್ತಿದ್ರ?" ಎಂದು ಕೇಳಿದಳು.

"ಸಾಯಲ್ಲ. ನಿಮ್ಮದು ಪಳಗಿದ್ದು ಒಳಗೇ ಇದೆಯಲ್ಲ. ಜ್ವರ ಬರುತ್ತೆ, ಏಳುತ್ತೆ."

"ಎದ್ದು ಯಾರ ಮನಿಗಿ ಹೋಕ್ಕೈತಿ?"

"ನಾನು ಹೇಳಲಾರೆ. ಎರಡೂ ಉಳೀಬಹುದು. ಒಂದೇ ಉಳೀಬಹುದು. ಹಸಿವು ಎಲ್ಲಿ ಕೂತಿದೆ ಅಂತ ಕಂಡುಹಿಡಿದ್ವಿ. ಮನೆ ಎಲ್ಲಿ ಕೂತಿದೆ ಅಂತ ನಮಗೂ ಸಿಕ್ಕಿಲ್ಲ."

"ಏ ದುರುಗಿ, ನಮ್ಮ ಉಣ್ಣಿ ನಿನ್ನ ನಾಯಿಗಿ ಯಾಂವ ಕೊಡ್ತಾನ?" ಎಂದು ನಮ್ಮವರಲ್ಲೊಬ್ಬ ಕೂಗಿದ. ಎಲ್ಲರೂ ನಕ್ಕರು. ಕಟ್ಟೆಗೆ ಬಿದ್ದವರೂ ನಕ್ಕರು.

ಅಪ್ಪ ಒಪ್ಪಿದ. ಒಪ್ಪದೆ ಬೇರೆ ದಾರಿಯಿರಲಿಲ್ಲ, ಅವನ ನಾಯಿಗೂ ಈ ವರ್ಷದ ಹೆಪ್ಪಾಗಿರಲಿಲ್ಲ. ನಮ್ಮ ಹುರುಳಿಗೂ ಆಗಿರಲಿಲ್ಲ. ಮರುದಿನ ಮುಂಜಾನೆ ಕೆಳಗಿನ ಓಣಿಯವರು ಮುತ್ತುಗದ ಎಲೆಗಳಲ್ಲಿ ಉಣ್ಣಿ ತಂದು, ಕೈಗೆ ಕೊಡದೆ, ಕಟ್ಟೆಯ ಅಂಚಿನಲ್ಲಿ ಸಾಲಾಗಿ ಇಟ್ಟು ಹಿಂದೆ ಸರಿದು ನಿಂತರು. ಅಪ್ಪ ಒಂದು ತಾಮ್ರದ ಪಾತ್ರೆ ತರಿಸಿದ್ದ. ಅದರಲ್ಲಿ ಅರಿಶಿನದ ನೀರು, ಮೇಲೆ ಬೇವಿನ ಎಲೆ. ಪಕ್ಕದಲ್ಲಿ ಲೋಬಾನದ ಹೊಗೆ. ಎಲೆಗಳನ್ನು ಕಡ್ಡಿಯಿಂದ ಬಿಡಿಸಿ ಒಂದೊಂದೇ ಉಣ್ಣಿಯನ್ನು ಆ ನೀರಿಗೆ ಹಾಕಿಸಿದ.

"ಏನ್ ಮಾಡಾಕತ್ತೀರಿ ಹಿರ್ಯಾರ?" ದುರುಗವ್ವ ಕೂಗಿದಳು. "ಅದು ಉಣ್ಣಿ, ತೊಗರಿ ಬ್ಯಾಳಿ ಅಲ್ಲ ತೊಳ್ಯಾಕ!"

"ನೀ ಕೊಡೂದು ಕೊಟ್ಟಿ, ಮುಗೀತು. ನಡಿ" ಅಂದ ಅಪ್ಪ. ಸಿಟ್ಟಿನಿಂದೇನೂ ಅಲ್ಲ. ಮದುವೆ ಮನೆಯಲ್ಲಿ ಅಡಿಗೆಯವರ ಮೇಲ್ವಿಚಾರಣೆ ಮಾಡುವವನ ಹಾಗೆ ಅವನು ಆ ದಿನ ಖುಷಿಯಾಗಿಯೇ ಇದ್ದ. ಓಣಿ ಉಳಿಯಿತು, ಓಣಿಯ ಮಾನವೂ ಉಳಿಯಿತು ಎಂಬ ಸಮಾಧಾನ. ಹೊಗೆ ಹಿಡಿದ ಮೇಲೆ ಎಲ್ಲರಿಗೂ ಒಂದೊಂದು ಹಂಚಿದ. ನನ್ನ ಅಂಗೈಗೆ ಬಿದ್ದದ್ದು ಕಾಲು ಮಡಚಿಕೊಂಡಿತ್ತು.

"ಅಪ್ಪಾ, ಇದು ಅಳಗಾಡವಲ್ದು."

"ನೀರಾಗಿಂದ ಎದ್ದೈತಿ, ಮಂಪರ ಹತ್ತೈತಿ. ಕಿವಿ ಬಿಸಿ ತಾಗಿದ್ರ ಎಚ್ಚರಾಕ್ಕೈತಿ, ತಗೋ."

ಹೊಸ್ತಿಲ ಮೇಲೆ ಹುರುಳಿಯನ್ನು ಮಲಗಿಸಿ ಹಚ್ಚಿದೆ. ಬೀಳದಿರಲೆಂದು ಸಾವಂತ್ರಿ ಕಿವಿಗೆ ಬಟ್ಟೆ ಸುತ್ತಿದಳು. ಮರುದಿನ ಬಿಚ್ಚಿ ನೋಡಿದರೆ ಒಣಗಿದ ಮೆಂತ್ಯದ ಕಾಳಿನಂಥದ್ದೊಂದು ಉದುರಿ ಬಿತ್ತು. "ಇದು ಕಚ್ಚೇ ಇಲ್ರಿ" ಅಂದಳು ಸಾವಂತ್ರಿ. ಇಡೀ ಓಣಿಯಲ್ಲಿ ಯಾರದೂ ಕಚ್ಚಿರಲಿಲ್ಲ. ನಾಯಿಗಳಿಗೆ ಹೆಪ್ಪಿನ ಜ್ವರ ಬರಲಿಲ್ಲವೆಂದು ಕೆಲವರು ಹಿಗ್ಗಿದರು, ಶುದ್ಧ ಮಾಡಿದ್ದರಿಂದ ತ್ರಾಸಾಗಲಿಲ್ಲ ಎಂದರು. ನಮ್ಮ ಗೋಡೆಗಳ ಸಂದಿಯಲ್ಲಿ ನಮ್ಮದೇ ಉಣ್ಣಿಗಳಿದ್ದವು. ಅವನ್ನು ಯಾರೂ ತೊಳೆದಿರಲಿಲ್ಲ. ವಾರ ಕಳೆಯುವುದರೊಳಗೆ ಅಪ್ಪನ ನಾಯಿ ಪೇಟೆಯಲ್ಲಿಯೇ, ಅ‍ವನ ಕಾಲಬುಡದಲ್ಲಿ ಸತ್ತಿತು. ಅಪ್ಪ ಕಟ್ಟೆಯ ಮೇಲೆ ಗೋಡೆಗೊರಗುವವನಂತೆ ಬೇವಿನ ಮರಕ್ಕೆ ಒರಗಿ ಕೂತ. ನಮ್ಮ ಮನೆಗೆ ಬಾ ಎಂದು ಕರೆದೆ. "ಹುರುಳಿ ಉಂಡಾಳೇನು?" ಎಂದು ಕೇಳಿದ. ಇಲ್ಲ ಅಂದೆ. ಅವನು ಮುಖ ಆಚೆ ತಿರುಗಿಸಿದ.

ಹುರುಳಿ ಹಿಂದಿನ ಮುಂಜಾನೆಯಿಂದ ಬಾಯಿಗೆ ಏನೂ ಹಚ್ಚಿರಲಿಲ್ಲ. ಜ್ವರ ಏರುವ ಮೊದಲೇ ಕೆಳಗಿನ ಓಣಿಯ ಉಣ್ಣಿ ಹಚ್ಚಿದರೆ ಉಳಿದರೂ ಉಳಿಯಬಹುದು ಎಂದು ನನಗೆ ಆಸೆ. "ನೀವೊಬ್ಬರ ಹೋಗಿ ನಿಂತ್ರ ದುರುಗವ್ವ ಕೊಡೂದಿಲ್ಲ" ಅಂದಳು ಸಾವಂತ್ರಿ. "ಆಕಿ ಕಣ್ಣ ಮುಂದ ತೊಳದೀರಿ. ನಾ ಬಂದು ಕಾಲು ಹಿಡೀತೀನಿ." ಮುತ್ತುವಿಗೆ ಮಂಗನಬಾವು ಬಂದು ಕೆನ್ನೆ ಊದಿತ್ತು, ಬಿಸಿಲಿಗೆ ಕರೆದೊಯ್ಯುವಂತಿರಲಿಲ್ಲ. ಹೋಗಿ ಬರುವುದೆಷ್ಟು ಹೊತ್ತು? ಅವಳ ಮುಂದೆ ಬಟ್ಟೆಯ ಚೂರುಗಳನ್ನು ಸುರಿದು, ರೊಟ್ಟಿಯ ಬುಟ್ಟಿ, ನೀರಿನ ಕೊಡ ಕೈಗೆ ಸಿಗುವಂತೆ ಇಟ್ಟೆವು.

"ಅಗುಳಿ ಹಾಕ್ಕೋ. ಯಾವಾಗ ತಗೀಬೇಕು?" ಎಂದಳು ಸಾವಂತ್ರಿ.

"ಹುರುಳಿ ಮೂರು ಸಲ ಕೆರದಾಗ" ಅಂದಳು ಮುತ್ತು, ಊದಿದ ಕೆನ್ನೆಯಿಂದ.

ದುರುಗವ್ವ ನಮ್ಮನ್ನು ದೂರದಿಂದಲೇ ನೋಡಿದಳು. "ಬರ್ರಿ ಬರ್ರಿ, ಮ್ಯಾಲಿನ ಓಣಿಯವರು! ಕಸಬರಿಗಿ ಬೇಕೋ ಉಣ್ಣಿ ಬೇಕೋ? ಎರಡೂ ತೊಳದ ಇಟ್ಟೀನಿ."

"ಬೈಯಬೇಕಂದ್ರ ಬೈ, ಯಕ್ಕಾ. ಬೈದು ಕೊಡು" ಅಂದಳು ಸಾವಂತ್ರಿ. "ಮನ್ಯಾಗ ಕೂಸು ಒಂದ ಐತಿ."

ದುರುಗವ್ವ ಹುರುಳಿಯ ತುಟಿ ಎತ್ತಿ ಒಸಡಿನ ಮೇಲೆ ಹೆಬ್ಬೆರಳು ಒತ್ತಿದಳು. ಒತ್ತುವ ಮೊದಲೂ ಬಿಳಿ, ಒತ್ತಿದ ಮೇಲೂ ಬಿಳಿ. ದೇಸಾಯಿಯ ಕಿವಿ ಮಗುಚಿ, ಉಣ್ಣಿಯೊಂದನ್ನು ತಿರುವಿ ಬಿಡಿಸಿ, ಎಲೆಯಲ್ಲಿಟ್ಟು ಸಾವಂತ್ರಿಯ ಕೈಗೇ ಕೊಟ್ಟಳು. "ಓಡ್ರಿ. ನೀರು ತಾಗಿಸಬ್ಯಾಡ್ರಿ ಮತ್ತ."

ನೀರಿನ ಟಾಕಿಯವರೆಗೆ ಹುರುಳಿ ನಡೆಯಿತು. ಅಲ್ಲಿ ಕೂತಿತು. ಎತ್ತಿಕೊಂಡೆ. ಮೈ ಕಾದ ಇಸ್ತ್ರಿಯಂತಿತ್ತು. ಅದರ ಮೂಗು ಎತ್ತ ತಿರುಗುತ್ತದೋ ಅತ್ತ ನಡೆದೆ. ಎಡಕ್ಕೆ, ಮತ್ತೆ ಎಡಕ್ಕೆ, ಹುಣಸೆ ಮರ ದಾಟಿ ಬಲಕ್ಕೆ. ನಮ್ಮ ಓಣಿಯೇ ಅದು, ನಮ್ಮ ಎದುರು ಮನೆಯವರ ಮುರುಕು ಕಟ್ಟೆಯೇ ಅದು. ಮೂಗು ಇನ್ನೊಮ್ಮೆ ತಿರುಗಬೇಕಿತ್ತು. ನಾನು ನಿಂತೆ. ಸಾವಂತ್ರಿ ಎಲೆಯ ಪೊಟ್ಟಣವನ್ನು ಎದೆಗೊತ್ತಿಕೊಂಡು, "ಹುರುಳಿ, ಏ ಹುರುಳಿ, ಹೇಳವ್ವ" ಎನ್ನುತ್ತಿದ್ದಳು. ಮೂಗು ನನ್ನ ಮೊಣಕೈಯ ಮೇಲೆ ಇಳಿಯಿತು. ನಾಲಿಗೆ ಹೊರಗೆ ಜಾರಿತು. ನೇರಳೆ ಬಣ್ಣ ಒಂದಿಷ್ಟೂ ಮಾಸಿರಲಿಲ್ಲ.

ನಾವು ಗೋಡೆಗಳನ್ನು ಸವರುತ್ತ ಹೋದೆವು. ಸಾವಂತ್ರಿ ಎಲೆಯ ಪೊಟ್ಟಣವಿದ್ದ ಮುಷ್ಟಿಯಿಂದಲೇ ಗುದ್ದಿದಳು, ಕೂಗಿದಳು; ದುರುಗವ್ವ ಕೊಟ್ಟ ಉಣ್ಣಿ ಅದರೊಳಗೇ ಜಜ್ಜಿಹೋಯಿತು. ಒಳಗೆ ಕೇಳುವುದಿಲ್ಲವೆಂದು ಇಬ್ಬರಿಗೂ ಗೊತ್ತು. ಗೋಡೆ ಮುಗಿದದ್ದು ಪೇಟೆಯಲ್ಲಿ. ದೀಪ ಹಚ್ಚುವ ಹೊತ್ತಾಗುತ್ತ ಬಂದಿತ್ತು. ತಾಟುಗಳು ಶುರುವಾದವು. ಅವುಗಳ ನಡುವೆ ನಮ್ಮದೂ ಶುರುವಾಯಿತು, ತಾಳವಿಲ್ಲದೆ. ಮುತ್ತು ಸೌಟು ಕೈಜಾರಿ ಬೀಳಿಸಿ, ಎತ್ತಿಕೊಂಡು ಮತ್ತೆ ಬಡಿಯುತ್ತಿದ್ದಳು.

ಆಗ ಸಾವಂತ್ರಿ ತನ್ನ ಮುಂಗೈ ನೋಡಿಕೊಂಡಳು. ತಣ್ಣಗಾಗುತ್ತಿದ್ದ ಹುರುಳಿಯ ಕಿವಿಯಿಂದ ಒಂದು ಉಣ್ಣಿ ಇಳಿದು ಅವಳ ಬಳೆ ದಾಟಿ ಹತ್ತುತ್ತಿತ್ತು. ಅವಳು ಅದನ್ನು ಕೊಡವಿಕೊಳ್ಳಲಿಲ್ಲ. "ರೀ" ಅಂದಳು, ತೀರ ಮೆಲ್ಲಗೆ, ಉಸಿರು ತಾಗಿದರೆ ಅದು ಹಾರಿಹೋಗುತ್ತದೆ ಎನ್ನುವಂತೆ. "ನಮ್ಮ ಮನಿ ಇದರಾಗೈತಿ."

ದುರುಗವ್ವ ಕಸಬರಿಗೆಗಳನ್ನು ಕಟ್ಟಿ ಹೊರಡುತ್ತಿದ್ದಳು. ಸತ್ತ ಹುರುಳಿಯನ್ನು ನೋಡಿದಳು, ಸಾವಂತ್ರಿ ನೀಡಿದ ಮುಂಗೈ ನೋಡಿದಳು, ನಾವು ಬಾಯಿ ತೆರೆಯುವ ಮೊದಲೇ ಅವಳಿಗೆ ತಿಳಿಯಿತು.

"ಆಗೂದಿಲ್ಲ" ಅಂದಳು. "ನನ್ನ ನಾಯ್ಯಾಗ ನಿಮ್ಮ ಮನಿ ತುಂಬಿದ್ರ, ನನ್ನ ಮನಿ ಎಲ್ಲಿ ಇಡ್ಲಿ?"

"ಎರಡೂ ಉಳೀಬಹುದು ಅಂದಾರಲ್ಲ ಮೇಡಂ" ಅಂದೆ.

"ಉಳೀಬಹುದು ಅಂದ್ರ ಉಳೀದನೂ ಇರಬಹುದು, ಟೇಲರಣ್ಣ. ನಾ ಶಾಣೇಕಿ ಅಲ್ಲ, ಆದ್ರ ಅಷ್ಟು ತಿಳೀತೈತಿ. ಮಾರೆಪ್ಪ ಒಳಗದಾನ. ಅಂವ ತಾಟ ಬಡಕೋತ ಸಾಯ್ತಾನ ಹೊರತು ನಾ ಇಲ್ದ ಹೊಸ್ತಿಲಾ ದಾಟೂ ಮನಿಶಾ ಅಲ್ಲ."

"ಮೊದಲ ಹೋಗಿ ಅಣ್ಣನ್ನ ಕರಕೊಂಡು ಬಾ" ಅಂದಳು ಸಾವಂತ್ರಿ.

"ಊರ ತುದಿಗೆ ನನ್ನ ಮನಿ. ಸತ್ತ ಮೈಯಿಂದ ಇಳದ ಉಣ್ಣಿ ಅಲ್ಲೀತನಾ ಹೆಪ್ಪು ಹಿಡಿದು ಕುಂದರ್ತೈತೇನು? ಕತ್ತಲಾಗೂದ್ರಾಗ ಹೋಗೇ ಬಿಡತೈತಿ." ಅವಳು ಗಂಟನ್ನು ತಲೆಗೇರಿಸಿದಳು. ಸಿಟ್ಟು ಅವಳಿಗೆ ನಮ್ಮ ಮೇಲಿತ್ತೋ, ಇಷ್ಟೆಲ್ಲ ತನಗೆ ಗೊತ್ತಿರುವುದರ ಮೇಲಿತ್ತೋ. ಊರಿನ ತಾಟುಗಳು ಒಂದೊಂದೇ ನಿಲ್ಲುತ್ತಿದ್ದವು, ನಾಯಿಗಳು ಮನೆ ಸೇರುತ್ತಿದ್ದವು. ಕೊನೆಗೆ ಎರಡು ಉಳಿದವು. ಒಂದು ಒಡಕು ದನಿಯದು, ನಿಧಾನವಾದದ್ದು, ಮಾರೆಪ್ಪನದು. ಇನ್ನೊಂದರಲ್ಲಿ ಸೌಟು ಮತ್ತೆ ಕೈಜಾರಿ ಬಿತ್ತು. ಆಮೇಲೆ ತಾಟಿನ ಬದಲು ಅಳು ಕೇಳಿತು.

ದುರುಗವ್ವ ಗಂಟನ್ನು ನೆಲಕ್ಕೆ ಕುಕ್ಕಿದಳು. "ಹಾಳಾಗಿ ಹೋಗ್ರಿ ನೀವೆಲ್ಲ" ಎಂದು ಕೈ ಚಾಚಿದಳು. ಸಾವಂತ್ರಿಯ ಮುಂಗೈಯಿಂದ ಉಣ್ಣಿಯನ್ನು ತನ್ನ ಬೆರಳಿಗೆ ಹತ್ತಿಸಿಕೊಂಡು, ದೇಸಾಯಿಯನ್ನು ಮೊಣಕಾಲಿನ ನಡುವೆ ಹಿಡಿದು, ಕಟ್ಟೆಯ ಮೇಲಿದ್ದ ನನ್ನ ಅಪ್ಪನ ಕಡೆ ಕತ್ತು ಎತ್ತಿದಳು. "ಹಿರ್ಯಾರ, ಅರಿಷಿಣ ನೀರು ಐತೇನ್ರಿ? ಇದು ನಿಮ್ಮ ಓಣೀದು. ಇದನ್ನ ತೊಳಕೊಂಡ ಹಚ್ಚಬೇಕ ನಾನು!"

ಅಪ್ಪ ಹೆಗಲ ಮೇಲಿನ ಶಾಲನ್ನು ಎಳೆದುಕೊಂಡ. ಅವಳು ಉಣ್ಣಿಯನ್ನು ತೊಳೆಯದೆಯೇ ದೇಸಾಯಿಯ ಕಿವಿಗೆ ಹಚ್ಚಿದಳು.

ಮಾರನೆಯ ದಿನ ದೇಸಾಯಿಗೆ ಜ್ವರ ಬಂತು. ಬಿಸಿಲಲ್ಲೂ ಹಲ್ಲು ಕಟಕಟಿಸುತ್ತ ಗೋಣಿಚೀಲದ ಮೇಲೆ ಬಿದ್ದಿತ್ತು. ದುರುಗವ್ವ ಅದರ ಬಾಯಿಗೆ ಬೆರಳಿನಿಂದ ಗಂಜಿ ಸವರುತ್ತ, "ಸಾಯಬ್ಯಾಡೋ ದೇಸಾಯಿ, ನಿನ್ನ ಹೆಸರಿಗರೆ ಬೆಲಿ ಕೊಡೋ" ಎಂದು ಬೈಯುತ್ತಿದ್ದಳು. ಮಧ್ಯಾಹ್ನ ಅಪ್ಪ ಕಟ್ಟೆ ಇಳಿದು ಬಂದ. ತನ್ನ ಹೆಗಲ ಮೇಲಿನ ಶಾಲು ತೆಗೆದು ನಾಯಿಯ ಮೇಲೆ ಹೊದಿಸಿದ. ಯಾರ ಮುಖವನ್ನೂ ನೋಡದೆ ತಿರುಗಿ ಹೋಗಿ ಮೊದಲಿದ್ದ ಜಾಗದಲ್ಲೇ ಕೂತ. ಸಂಜೆ ಎರಡು ತಾಟುಗಳೂ ಮತ್ತೆ ಬಡಿದವು. ಮುತ್ತುವಿನದು ಬೇಗ ನಿಂತಿತು. ದಣಿದಿದ್ದಳೋ, ಕೋಪಿಸಿಕೊಂಡಿದ್ದಳೋ. ಬುಟ್ಟಿಯಲ್ಲಿ ರೊಟ್ಟಿ ಇದ್ದವು, ಕೊಡದಲ್ಲಿ ನೀರಿತ್ತು ಎಂದು ನಾನು ಸಾವಂತ್ರಿಗೆ ಹೇಳುತ್ತಲೇ ಇದ್ದೆ. ಕೊಡವನ್ನು ಓರೆ ಮಾಡಲು ಮುತ್ತುವಿಗೆ ಬರುವುದಿಲ್ಲ ಎಂದು ಅವಳು ಒಮ್ಮೆ ಮಾತ್ರ ಅಂದಳು.

ಅದರ ಮರುದಿನ ಇಳಿಹೊತ್ತಿನಲ್ಲಿ ದೇಸಾಯಿ ಎದ್ದಿತು. ಮೈ ಝಾಡಿಸಿತು. ಶಾಲು ಕೆಳಗೆ ಬಿತ್ತು. ಗಾಳಿ ಮೂಸಿ, ನೆಟ್ಟಗೆ ಮೇಲಿನ ಓಣಿಯ ಕಡೆ ನಡೆಯಿತು. ನಾವು ಮೂವರು ಹಿಂದೆ ಓಡಿದೆವು. ಟಾಕಿ, ಎಡಕ್ಕೆ, ಮತ್ತೆ ಎಡಕ್ಕೆ, ಹುಣಸೆ ಮರ. ಹುರುಳಿಯ ಮೂಗು ಇಳಿದ ಜಾಗದಲ್ಲಿ ದೇಸಾಯಿ ಒಂದು ಕ್ಷಣ ನಿಂತಿತು, ಆಮೇಲೆ ಬಲಕ್ಕೆ ತಿರುಗಿತು. ನಮ್ಮ ಬಾಗಿಲು ಅಲ್ಲಿತ್ತು, ಇಷ್ಟು ದಿನ ಅಲ್ಲೇ ಇದ್ದ ಹಾಗೆ. ದೇಸಾಯಿ ಮೂರು ಸಲ ಕೆರೆಯಿತು. ಒಮ್ಮೆ ಕುಂಯ್ ಎಂದಿತು. ಕೂತಿತು.

ಅಗುಳಿಯ ಸದ್ದಾಯಿತು. ಮುತ್ತುವಿನ ತುಟಿ ಒಡೆದಿತ್ತು, ಕೆನ್ನೆಯ ಬಾವು ಇಳಿದಿತ್ತು, ಕೈಯಲ್ಲಿ ಸೌಟು ಹಾಗೇ ಇತ್ತು. ಅವಳು ನಮ್ಮನ್ನು ನೋಡಲಿಲ್ಲ. ನಾಯಿಯನ್ನೇ ನೋಡಿದಳು.

"ಹುರುಳಿ, ಎಲ್ಲಿಗಿ ಹೋಗಿದ್ದಿ?" ಅಂದಳು. "ಯಾಕ ಹಿಂಗ ಕರ್ರಗಾಗಿ?"

ಕರಿನಾಯಿ ಬಾಲ ಅಲ್ಲಾಡಿಸುತ್ತ ಒಳಗೆ ಹೋಗಿ, ಹುರುಳಿಯ ಬೋಗುಣಿಯನ್ನು ಹುಡುಕದೆಯೇ ಮುಟ್ಟಿತು. ಸಾವಂತ್ರಿ ಮಗಳನ್ನು ಬಾಚಿಕೊಂಡು ನೆಲದ ಮೇಲೆ ಕೂತುಬಿಟ್ಟಳು. ನಾನು ಕೊಡ ಬಗ್ಗಿಸಿದೆ. ಅವಸರದಲ್ಲಿ ಅರ್ಧ ನೀರು ಚೆಲ್ಲಿತು, ಉಳಿದದ್ದನ್ನು ಮುತ್ತುವಿಗೆ ಕುಡಿಸಿದೆ.

ದುರುಗವ್ವ ಬಾಗಿಲ ಹೊರಗೇ ನಿಂತಿದ್ದಳು. "ಆತಲ್ಲ" ಅಂದಳು. "ದೇಸಾಯಿ, ಬಾ. ನಡಿ ಮನಿಗಿ."

ನಾಯಿ ಉಣ್ಣುತ್ತಲೇ ಇತ್ತು.

"ಏ ದೇಸಾಯಿ!" ಪೇಟೆಯಲ್ಲಿ ನಮ್ಮ ಹಿರಿಯರೆಲ್ಲ ಬೆಚ್ಚುತ್ತಿದ್ದ ಆ ಗದರಿಕೆ. ನಾಯಿಯ ಕಿವಿ ಅಲುಗಲಿಲ್ಲ. ಬೋಗುಣಿ ನೆಕ್ಕಿ ಮುಗಿಸಿ, ನಮ್ಮ ಹೊಸ್ತಿಲಿಗೆ ಬಂದು, ಅವಳ ಕಾಲಬೆರಳುಗಳಿಗೆ ತಾಗುವಂತೆ ತಲೆಯಿಟ್ಟು ಮಲಗಿತು. "ಹುರುಳಿ" ಎಂದು ಮುತ್ತು ಒಳಗಿನಿಂದ ಕರೆದಳು. ಎರಡೂ ಕಿವಿ ನಿಮಿರಿದವು.

ದುರುಗವ್ವ ಹೊಸ್ತಿಲಿನಾಚೆ ಕೂತಳು. ಸಾವಂತ್ರಿ ನಾವು ಕುಡಿಯುವ ಹಿತ್ತಾಳೆ ಚೊಂಬಿನಲ್ಲಿ ನೀರು ತಂದು ಅವಳ ಕೈಗೆ ಕೊಟ್ಟಳು. ಅವಳು ಕುಡಿದಳು. ಕತ್ತಲಾಗುವ ಹೊತ್ತಾಗಿತ್ತು. ತಾಟುಗಳು ಎದ್ದವು, ಒಂದೊಂದಾಗಿ ನಿಂತವು. ದೂರದಲ್ಲಿ ಒಂದು ಒಡಕು ತಾಟು ನಿಲ್ಲಲಿಲ್ಲ. ನಿಧಾನವಾಗಿ, ಅವಸರವೇ ಇಲ್ಲದವನ ಹಾಗೆ ಬಡಿಯುತ್ತಿತ್ತು.

"ಒಳಗ ಬಾ ಯಕ್ಕಾ" ಅಂದಳು ಸಾವಂತ್ರಿ. "ಬಾಗಿಲಾ ಹಾಕಿದ್ರ ಕೇಳಿಸೂದಿಲ್ಲ."

"ಅದಕ್ಕ ಒಲ್ಲೆ" ಅಂದಳು ದುರುಗವ್ವ.

ಚಳಿಗಾಳಿ ಒಳಗೆ ನುಗ್ಗುತ್ತಿತ್ತು. ಮುತ್ತು ತಾಯಿಯ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಸಾವಂತ್ರಿ ಬಾಗಿಲು ಮುಂದೂಡಲು ಕೈ ಚಾಚಿದಳು, ಹೊರಗೆ ಕೂತವಳ ಬೆನ್ನು ನೋಡಿದಳು, ಕೈ ಹಿಂದಕ್ಕೆ ತೆಗೆದುಕೊಂಡಳು. ಬಾಗಿಲು ಹಾಗೇ ತೆರೆದಿತ್ತು. ಮಾರೆಪ್ಪ ಬಡಿಯುತ್ತಿದ್ದ.